ಬಾಲ್ ಜಾಯಿಂಟ್ ಸವೆದಿದೆಯೇ? ಜಾಕ್ ಎಲ್ಲಿದೆ ಎಂದು ಮೊದಲು ನೋಡಿ

ನನ್ನ ಕಾರಿನ ಮುಂದಿನ ಎಡಚಕ್ರದ ಕಡೆಯಿಂದ ಬರುತ್ತಿದ್ದ ಒಂದು ‘ಟಕ್’ ಸದ್ದಿನ ಮೂಲ ಹುಡುಕಿ, ಲೋವರ್ ಆರ್ಮ್ (ಚಕ್ರದ ಬುಡವನ್ನು ಕಾರಿನ ಚೌಕಟ್ಟಿಗೆ ಕೂಡಿಸುವ ತೋಳು) ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿ ಮುಗಿಸುವ ಹೊತ್ತಿಗೆ ಹನ್ನೊಂದು ದಿನ ಹಿಡಿಯಿತು. ಇದರಲ್ಲಿ ನಿಜವಾದ ಕೆಲಸ ಒಂದು ದಿನದ್ದು. ಮಿಕ್ಕದ್ದೆಲ್ಲ ತಪ್ಪು ತಪಾಸಣೆಗೆ, ಬಿಡಿಭಾಗ ಬರುವವರೆಗಿನ ಕಾಯುವಿಕೆಗೆ, ತುಕ್ಕು ಹಿಡಿದ ಒಂದೇ ಒಂದು ಬೋಲ್ಟಿಗೆ ಹೋಯಿತು.

ಕಾರನ್ನು ಎತ್ತಿ ನೋಡಿದ ಮೊದಲ ಮೆಕ್ಯಾನಿಕ್ ‘ಬಾಲ್ ಜಾಯಿಂಟ್‌ನಲ್ಲಿ ಪ್ಲೇ (ಸಡಿಲ ಅಲುಗಾಟ) ಇಲ್ಲ, ಚೆನ್ನಾಗಿದೆ’ ಎಂದರು. ಎರಡು ದಿನ ಬಿಟ್ಟು ನೋಡಿದ ಇನ್ನೊಬ್ಬರು ‘ಮುಂದಿನದೆಲ್ಲ ಹೋಗಿದೆ, ಎರಡೂ ಕಡೆ ಪೂರ್ತಿ ಬದಲಿಸಬೇಕು’ ಎಂದರು. ಅದೇ ಕಾರು, ಅದೇ ಚಕ್ರ. ಆಮೇಲೆ ಗೊತ್ತಾಯಿತು: ಮೊದಲನೆಯವರು ಜಾಕನ್ನು ಲೋವರ್ ಆರ್ಮ್ ಕೆಳಗೆ ಹಾಕಿದ್ದರು, ಎರಡನೆಯವರು ಚಾಸಿಗೆ, ಅಂದರೆ ಕಾರಿನ ಅಡಿಚೌಕಟ್ಟಿಗೆ, ಹಾಕಿದ್ದರು. ಇಬ್ಬರೂ ಸುಳ್ಳು ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ಆದರೆ ಒಬ್ಬರಿಗೆ ಸವೆತ ಕಾಣುವಂತೆಯೇ ಇರಲಿಲ್ಲ, ಇನ್ನೊಬ್ಬರಿಗೆ ರಬ್ಬರಿನ ಬಳುಕೂ ಸವೆತದಂತೆ ಕಂಡಿತ್ತು. ಈ ಗೊಂದಲದಲ್ಲಿ ಇನ್ನೊಬ್ಬರು ದಿನ ಕಳೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಬಾಲ್ ಜಾಯಿಂಟ್ ಎಂದರೆ ಬಟ್ಟಲಿನೊಳಗೆ ಕೂತ ಉಕ್ಕಿನ ಗುಂಡು, ಆ ಗುಂಡಿಗೆ ಅಂಟಿದ ಒಂದು ಕಡ್ಡಿ, ಒಳಗೆ ಗ್ರೀಸ್, ಮೇಲೆ ರಬ್ಬರಿನ ಹೊದಿಕೆ, ಅಂದರೆ ಬೂಟ್. ಚಕ್ರವನ್ನು ಹಿಡಿದಿರುವ ನಕಲ್‌ಗೂ ಲೋವರ್ ಆರ್ಮ್‌ಗೂ ನಡುವಿನ ಕೀಲು ಇದೇ. ಚಕ್ರ ಮೇಲೆ ಕೆಳಗೆ ಆಡುವುದಕ್ಕೂ ಸ್ಟೀರಿಂಗಿಗೆ ತಕ್ಕಂತೆ ತಿರುಗುವುದಕ್ಕೂ ಈ ಒಂದು ಗುಂಡು ಸಾಕು. ಅದು ಸವೆದು ಬಟ್ಟಲಿನಿಂದ ಕಿತ್ತುಬಂದರೆ ಚಕ್ರದ ಬುಡಕ್ಕೆ ಹಿಡಿತವೇ ಇರುವುದಿಲ್ಲ. ಚಕ್ರ ಹೊರಕ್ಕೆ ಮಗುಚಿ, ಕಾರಿನ ಮೂಲೆ ನೆಲಕ್ಕೆ ಕುಸಿಯುತ್ತದೆ. ಹಾಗಾಗಿಯೇ ಈ ಸದ್ದನ್ನು ‘ಇರಲಿ ನೋಡೋಣ’ ಎಂದು ಬಿಡುವಂತಿಲ್ಲ.

ಮೊದಲು ಸದ್ದಿನ ವಿಷಯ. ನಿಧಾನವಾಗಿ ಹೋಗುವಾಗ ರಸ್ತೆ ಉಬ್ಬಿನ ಮೇಲೆ ಹತ್ತಿ ಇಳಿದರೆ ಒಂದೇ ಒಂದು ‘ಟಕ್’. ವೇಗವಾಗಿ ಹೋದರೆ ಕೇಳಿಸುತ್ತಿರಲಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಬಾಗಿಲಿನ ಕೀಲು ಕಿರುಗುಟ್ಟಿದಂತೆ ಒಂದು ಎಳೆದ ಸದ್ದು. ಎಡ ಟೈರಿನ ಒಳಅಂಚು ಹೊರಅಂಚಿಗಿಂತ ಹೆಚ್ಚು ಸವೆದಿತ್ತು. ಕಾರು ತೊಳೆದ ದಿನ ಕಿರುಗುಟ್ಟುವುದು ನಿಂತುಹೋಗಿ, ಒಣಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ಈ ಕೊನೆಯದನ್ನು ಗಮನಿಸಿ: ಸವೆದ ಕೀಲಿಗೆ ನೀರು ಹೋದರೆ ತಾತ್ಕಾಲಿಕವಾಗಿ ಸದ್ದು ಅಡಗುತ್ತದೆ. ತೋರಿಸಲು ಹೋಗುವ ದಿನ ಕಾರು ತೊಳೆಸಬೇಡಿ. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬಿಸುವ ಸಣ್ಣ ಮೂತಿ) ಇರುವ ಜಾಯಿಂಟ್ ಆದರೆ ತಪಾಸಣೆಗೆ ಮೊದಲು ಗ್ರೀಸ್ ತುಂಬಿಸಲೂ ಬೇಡಿ. ಹೊಸ ಗ್ರೀಸ್ ಒಳಗಿನ ಸಂದು ತುಂಬಿ ಪ್ಲೇ ಮುಚ್ಚಿಹೋಗುತ್ತದೆ.

ಎರಡು ಅಭಿಪ್ರಾಯಗಳ ನಡುವೆ ಸಿಕ್ಕಿ, ನಾನೇ ಕೂತು ನೋಡಲು ತೀರ್ಮಾನಿಸಿದೆ. ಮೊದಲು ಬೇಕಾದದ್ದು ಸ್ಪ್ಯಾನರ್ ಅಲ್ಲ, ಕಾರಿನ ಸರ್ವಿಸ್ ಕೈಪಿಡಿ. ಕಾರಿನ ಜೊತೆ ಕೊಡುವ ಮಾಲೀಕರ ಪುಸ್ತಕದಲ್ಲಿ ಈ ವಿವರ ಇರುವುದಿಲ್ಲ. ರಿಪೇರಿ ಕೈಪಿಡಿಯೇ ಬೇಕು. ಅದರಿಂದ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಜಾಕ್ ಎಲ್ಲಿಗೆ ಹಾಕಬೇಕು, ಜಾಯಿಂಟ್‌ಗೆ ಅನುಮತಿಸಿದ ಪ್ಲೇ ಎಷ್ಟು, ಬೋಲ್ಟ್ ನಟ್ಟುಗಳ ಟಾರ್ಕ್ (ಬಿಗಿಯುವ ತಿರುಚುಬಲ) ಎಷ್ಟು, ಮತ್ತು ಯಾವ ಬೋಲ್ಟ್ ನಟ್ಟು ಒಮ್ಮೆ ಬಿಚ್ಚಿದರೆ ಎಸೆಯಬೇಕು. ನನ್ನ ಕಾರಿಗೆ ಅನುಮತಿಸಿದ ಪ್ಲೇ 0 ಮಿ.ಮೀ. ಅಂದರೆ ಕೈಗೆ ಸಿಗುವ ಯಾವ ಅಲುಗಾಟವೂ ಇರಕೂಡದು. ಎಲ್ಲ ಕಾರಿಗೂ ಹೀಗಿಲ್ಲ. ಸ್ಪ್ರಿಂಗಿನ ಭಾರ ಹೊರುವ ಕೆಲವು ಜಾಯಿಂಟ್‌ಗಳಿಗೆ ಸ್ವಲ್ಪ ಪ್ಲೇ ಇರಬಹುದು ಎಂದೇ ಕೈಪಿಡಿ ಹೇಳುತ್ತದೆ. ಅದನ್ನು ಓದದೆ ಬದಲಿಸಿದರೆ ಚೆನ್ನಾಗಿರುವ ಜಾಯಿಂಟ್ ಬಿಸಾಡಿದಂತಾಗುತ್ತದೆ.

ಈಗ ಜಾಕಿನ ವಿಷಯಕ್ಕೆ ಬರೋಣ. ಕಾರಿನ ಭಾರ ಯಾವ ದಾರಿಯಲ್ಲಿ ನೆಲ ಮುಟ್ಟುತ್ತದೆ ಎಂದು ಬೆರಳಿಟ್ಟು ಹೇಳಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಇಂದಿನ ಬಹುತೇಕ ಸಣ್ಣ, ಮಧ್ಯಮ ಕಾರುಗಳ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ನೇರವಾಗಿ ನಕಲ್ ಮೇಲೆ ಕೂತಿರುತ್ತವೆ. ಭಾರ ಬಾಡಿಯಿಂದ ಸ್ಪ್ರಿಂಗಿಗೆ, ಅಲ್ಲಿಂದ ನಕಲ್‌ಗೆ, ಚಕ್ರಕ್ಕೆ ಇಳಿಯುತ್ತದೆ. ಬಾಲ್ ಜಾಯಿಂಟ್ ಈ ದಾರಿಯಲ್ಲಿ ಬರುವುದೇ ಇಲ್ಲ. ಅದರ ಕೆಲಸ ಚಕ್ರದ ಬುಡವನ್ನು ಜಾಗದಲ್ಲಿ ಹಿಡಿದಿಡುವುದು ಮಾತ್ರ. ಇಂಥ ಕಾರಿನ ಲೋವರ್ ಆರ್ಮ್ ಕೆಳಗೆ ಜಾಕ್ ಹಾಕಿದರೆ ಏನಾಗುತ್ತದೆ? ಆ ಮೂಲೆಯ ಭಾರವೆಲ್ಲ ನಕಲ್‌ನಿಂದ ಬಾಲ್ ಜಾಯಿಂಟ್ ಮೂಲಕ ಆರ್ಮ್‌ಗೆ ಇಳಿಯುತ್ತದೆ. ಗುಂಡು ಬಟ್ಟಲಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಎಷ್ಟು ಅಲ್ಲಾಡಿಸಿದರೂ ಅದು ಮಿಸುಕುವುದಿಲ್ಲ. ಮೊದಲ ತಪಾಸಣೆಯಲ್ಲಿ ಆದದ್ದು ಇಷ್ಟೇ. ಸ್ಟ್ರಟ್ ಇರುವ ಕಾರನ್ನು ಚಾಸಿ ಅಥವಾ ಸಬ್‌ಫ್ರೇಮಿನ ಗಟ್ಟಿ ಜಾಗಕ್ಕೆ ಜಾಕ್ ಹಾಕಿ ಎತ್ತಿ, ಚಕ್ರ ನೇತಾಡುವಂತೆ ಬಿಡಬೇಕು.

ಮೇಲೊಂದು ಕೆಳಗೊಂದು ಆರ್ಮ್ ಇರುವ ಡಬಲ್ ವಿಶ್‌ಬೋನ್ ಗಾಡಿಗಳಲ್ಲಿ ಲೆಕ್ಕ ತಿರುವುಮುರುವು. ಸ್ಪ್ರಿಂಗ್ ಅಥವಾ ಅದರ ಬದಲಿಗೆ ಬಳಸುವ ತಿರುಚುಸಲಾಕೆ ಟಾರ್ಷನ್ ಬಾರ್ ಕೆಳಗಿನ ಆರ್ಮ್‌ಗಿದ್ದರೆ ಭಾರ ಹೊರುವುದು ಕೆಳಗಿನ ಬಾಲ್ ಜಾಯಿಂಟ್. ಅಲ್ಲಿ ಜಾಕನ್ನು ಆ ಆರ್ಮ್ ಕೆಳಗೇ, ಜಾಯಿಂಟ್‌ಗೆ ಎಷ್ಟು ಹತ್ತಿರವಾದೀತೋ ಅಷ್ಟು ಹತ್ತಿರ ಹಾಕಬೇಕು. ಆಗ ಸ್ಪ್ರಿಂಗಿನ ಒತ್ತಡ ಜಾಕಿನ ಮೇಲೆ ಬಿದ್ದು ಜಾಯಿಂಟ್ ಸಡಿಲವಾಗುತ್ತದೆ. ಸ್ಪ್ರಿಂಗ್ ಮೇಲಿನ ಆರ್ಮ್ ಮೇಲೆ ಕೂತಿದ್ದರೆ, ಆ ಆರ್ಮ್‌ಗೂ ಚಾಸಿಗೂ ನಡುವೆ ಗಟ್ಟಿ ಮರದ ತುಂಡಿಟ್ಟು, ಆಮೇಲೆ ಚಾಸಿಗೆ ಜಾಕ್ ಹಾಕಬೇಕು. ಮರದ ತುಂಡಿಡದೆ ಎತ್ತಿದರೆ ಸ್ಪ್ರಿಂಗು ಆರ್ಮನ್ನು ಕೆಳಕ್ಕೆ ನೂಕಿ ಜಾಯಿಂಟನ್ನು ಬಿಗಿಹಿಡಿದಿರುತ್ತದೆ.

ಕಾರು ಎತ್ತುವ ಮೊದಲು ಸಮತಟ್ಟಾದ ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು, ಹ್ಯಾಂಡ್‌ಬ್ರೇಕ್, ಗೇರಿನಲ್ಲಿ ಗಾಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಎತ್ತಿದ ಮೇಲೆ ಭಾರ ಜಾಕ್ ಸ್ಟ್ಯಾಂಡ್ ಮೇಲೆ ಇರಬೇಕು. ಜಾಕೊಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ; ಈ ತಪಾಸಣೆಯಲ್ಲಿ ಕಾರನ್ನು ಮೀಟುವುದು, ಅಲ್ಲಾಡಿಸುವುದೇ ಕೆಲಸ.

ಇನ್ನೊಂದು ಮಾತು: ಮುಂದಿನ ಎರಡೂ ಚಕ್ರ ಒಟ್ಟಿಗೆ ಎತ್ತಿ. ನಾನು ಮೊದಲು ಎಡಗಡೆ ಮಾತ್ರ ಎತ್ತಿದ್ದೆ. ಒಂದೇ ಕಡೆ ಎತ್ತಿದಾಗ ಎರಡು ಚಕ್ರಗಳನ್ನೂ ಬೆಸೆಯುವ ಆಂಟಿ-ರೋಲ್ ಬಾರ್ ತಿರುಚಿಕೊಂಡು ನೇತಾಡುವ ಕಡೆಯನ್ನು ಮೇಲಕ್ಕೆ ಎಳೆಯುತ್ತದೆ. ಆ ಎಳೆತದಲ್ಲಿ ಸಣ್ಣ ಪ್ಲೇ ಅಡಗಿಬಿಡುತ್ತದೆ. ಎರಡೂ ಕಡೆ ಎತ್ತಿದ ಮೇಲೆ ಅದೇ ಚಕ್ರ ಬೇರೆಯೇ ಉತ್ತರ ಕೊಟ್ಟಿತು.

ಚಕ್ರದ ನೆತ್ತಿಯ ಮೇಲೆ ಒಂದು ಕೈ, ಬುಡಕ್ಕೆ ಒಂದು ಕೈ ಕೊಟ್ಟು, ಮೇಲಿನದನ್ನು ನೂಕುತ್ತ ಕೆಳಗಿನದನ್ನು ಎಳೆದೆ. ಸಣ್ಣಗೆ ‘ಟಿಕ್’ ಎಂದಿತು. ಇಲ್ಲಿಗೇ ತೀರ್ಪು ಕೊಡಬೇಡಿ. ವೀಲ್ ಬೇರಿಂಗ್ ಸವೆದರೂ ಹೀಗೇ ಆಡುತ್ತದೆ. ಯಾರನ್ನಾದರೂ ಒಳಗೆ ಕೂರಿಸಿ ಬ್ರೇಕ್ ಗಟ್ಟಿಯಾಗಿ ತುಳಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಡಿಸ್ಕ್ ಮತ್ತು ನಕಲ್ ಒಂದೇ ತುಂಡಿನಂತಾಗುತ್ತವೆ. ಪ್ಲೇ ಮಾಯವಾದರೆ ದೋಷ ಬೇರಿಂಗಿನದು, ಹಾಗೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ನಿನ ಬೇರೆ ಕೀಲಿನದು. ನನ್ನದು ಹಾಗೇ ಉಳಿಯಿತು. ಚಕ್ರದ ಎಡ ಬಲ ಅಂಚು ಹಿಡಿದು ಅಲ್ಲಾಡಿಸಿದಾಗ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸರಳಿನ ತುದಿಕೀಲು) ಅಥವಾ ಸ್ಟೀರಿಂಗ್ ರ‍್ಯಾಕ್ ಕಡೆ ನೋಡಬೇಕು.

ಕೈಯಿಂದ ಅಲ್ಲಾಡಿಸುವುದು ಅನುಮಾನ ಹುಟ್ಟಿಸುತ್ತದೆ, ತೀರ್ಮಾನ ಕೊಡುವುದಿಲ್ಲ. ನೇತಾಡುವ ಸ್ಥಿತಿಯಲ್ಲೂ, ಆರ್ಮ್ ಕಾರಿನ ಚೌಕಟ್ಟಿಗೆ ಸೇರುವಲ್ಲಿ ಕೂತ ರಬ್ಬರ್ ಬುಷ್‌ಗಳು ತಿರುಚಿಕೊಂಡಿದ್ದು, ಆರ್ಮನ್ನು ಮೇಲಕ್ಕೆ, ಅಂದರೆ ನಕಲ್ ಕಡೆಗೆ ಎಳೆಯುತ್ತಿರುತ್ತವೆ. ಆ ಎಳೆತ ಮೀರಿಸಬೇಕಾದರೆ ಮೀಟಲೇಬೇಕು. ಉದ್ದನೆಯ ಟಾಮಿಯ (ಮೀಟುವ ಕಬ್ಬಿಣದ ಸಲಾಕೆಯ) ತುದಿಯನ್ನು ಆರ್ಮ್‌ಗೂ ನಕಲ್‌ಗೂ ನಡುವೆ, ಬೂಟಿಗೆ ತಾಗದಂತೆ ಇಟ್ಟು, ಆರ್ಮನ್ನು ಕೆಳಕ್ಕೆ ಒತ್ತಿ. ಡ್ರೈವ್ ಶಾಫ್ಟಿನ (ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ದಂಡದ) ಬೂಟು ಮತ್ತು ಎಬಿಎಸ್ ಸೆನ್ಸರಿನ ತಂತಿ ಅಲ್ಲೇ ಪಕ್ಕದಲ್ಲಿರುತ್ತವೆ, ಜೋಪಾನ. ಟಾಮಿಯನ್ನು ಒಬ್ಬರು ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಜಾಯಿಂಟನ್ನೇ ದಿಟ್ಟಿಸಲಿ.

ನನಗೆ ಕಂಡದ್ದು ಇದು: ಒತ್ತುತ್ತಿದ್ದಂತೆ ಬೂಟಿನ ಮಡಿಕೆ ಥಟ್ಟನೆ ಬಿಚ್ಚಿಕೊಂಡಿತು, ಬಿಟ್ಟರೆ ಮತ್ತೆ ಮಡಚಿತು. ಆ ಬಿಚ್ಚುವ ಕ್ಷಣದಲ್ಲಿ ಮಡಿಕೆಯ ಒಳಗೆ ಕೂದಲೆಳೆಯಷ್ಟು ಸೀಳು, ಅದರಿಂದ ಕಾಫಿ ಗಸಿಯಂಥ ಕಂದು ಹನಿ ಹೊರಬಂತು. ಹೊರಗಿನಿಂದ ಬೂಟು ಹೊಸದರಂತೆ ಇತ್ತು. ಸೀಳು ಮಡಿಕೆಯೊಳಗೇ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೂಟನ್ನು ಬಟ್ಟೆಯಿಂದ ಒರೆಸಿ, ಬೆರಳಲ್ಲಿ ಪ್ರತಿ ಮಡಿಕೆಯನ್ನೂ ಬಿಡಿಸಿ ಸುತ್ತಲೂ ನೋಡಿ. ಬೂಟು ಹರಿದ ಜಾಯಿಂಟ್‌ಗೆ ಪ್ಲೇ ಇನ್ನೂ ಬಾರದಿದ್ದರೂ ಅದು ಬದಲಿಸಬೇಕಾದದ್ದೇ. ಒಳಗೆ ನೀರು ಮರಳು ಹೋದ ಮೇಲೆ ಗುಂಡು ಉಳಿಯುವುದಿಲ್ಲ.

ಅಳತೆಗೆ ಡಯಲ್ ಗೇಜ್ ಇಟ್ಟೆ, ಅಂದರೆ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಗಡಿಯಾರದಂಥ ಉಪಕರಣ. ಗೇಜಿನ ಬುಡವನ್ನು ಆರ್ಮ್‌ಗೆ ಬಿಗಿದು, ಒಳಹೊರಗೆ ಸರಿಯುವ ಅದರ ಮೊನೆಯನ್ನು ನಕಲ್ ಮೇಲೆ, ಜಾಯಿಂಟಿನ ಕಡ್ಡಿಗೆ ಸಮಾನಾಂತರವಾಗಿ ಇಡಬೇಕು. ಓರೆಯಾದರೆ ಅಳತೆಯೂ ಓರೆ. ಆರ್ಮ್ ಅಲ್ಯುಮಿನಿಯಮ್ಮಿನದಾದರೆ ಅಯಸ್ಕಾಂತದ ಬುಡ ಹಿಡಿಯುವುದಿಲ್ಲ, ಕ್ಲ್ಯಾಂಪ್ ಬೇಕು. ಸೊನ್ನೆಗೆ ಹೊಂದಿಸಿ, ಮೀಟಿ, ಓದಿ, ಬಿಟ್ಟು, ಮುಳ್ಳು ಸೊನ್ನೆಗೆ ಮರಳಿತೇ ನೋಡಿ. ಹೀಗೆ ಮೂರು ಸಲ. ಎಡಗಡೆ ಮೂರು ಸಲವೂ 0.9 ಮಿ.ಮೀ. ಬಂತು.

ಇಲ್ಲಿ ಸಂಖ್ಯೆಗಿಂತ ಮುಳ್ಳು ಹೇಗೆ ಓಡುತ್ತದೆ ಎನ್ನುವುದು ಮುಖ್ಯ. ನಿಜವಾದ ಪ್ಲೇ ಇದ್ದರೆ ಸ್ವಲ್ಪ ಒತ್ತಿದೊಡನೆ ಮುಳ್ಳು ಜಿಗಿದು ನಿಲ್ಲುತ್ತದೆ. ಇನ್ನೂ ಜೋರಾಗಿ ಒತ್ತಿದರೂ ಅಷ್ಟಾಗಿ ಕದಲುವುದಿಲ್ಲ. ಒತ್ತಿದಷ್ಟೂ ನಿಧಾನವಾಗಿ ಏರುತ್ತಾ ಹೋದರೆ ಅದು ರಬ್ಬರ್ ಬಳುಕು ಅಥವಾ ಆರ್ಮಿನ ಬಾಗು, ಸವೆತ ಅಲ್ಲ. ಬಲಗಡೆ ಆದದ್ದು ಇದೇ. ಎರಡನೆಯ ಮೆಕ್ಯಾನಿಕ್ ‘ಎರಡೂ ಕಡೆ’ ಎಂದದ್ದು ಈ ಬಳುಕನ್ನು ಕಂಡೇ. ಗೇಜ್ ಸಿಗದಿದ್ದರೆ ಬೆರಳ ತುದಿಯನ್ನು ಜಾಯಿಂಟ್ ಮತ್ತು ನಕಲ್ ಎರಡಕ್ಕೂ ತಾಗುವಂತೆ ಇಡಿ. ನಿಜವಾದ ಪ್ಲೇ ಒಂದು ಪುಟ್ಟ ಬಡಿತವಾಗಿ ಬೆರಳಿಗೆ ಸಿಗುತ್ತದೆ. ಬೆರಳು ಸಂದಿನೊಳಗೆ ಮಾತ್ರ ಹೋಗಕೂಡದು.

ಕೆಲವು ಗಾಡಿಗಳ ಭಾರ ಹೊರುವ ಜಾಯಿಂಟಿನಲ್ಲೇ ಸವೆತದ ಗುರುತು ಇರುತ್ತದೆ: ಗ್ರೀಸ್ ನಿಪ್ಪಲ್ ಕೂತ ಸಣ್ಣ ದುಂಡು ಉಬ್ಬು ಕವಚದಿಂದ ಹೊರಚಾಚಿರುತ್ತದೆ. ಹೊಸದರಲ್ಲಿ ಅದು ಸುಮಾರು 1.27 ಮಿ.ಮೀ. ಹೊರಗಿದ್ದು, ಸವೆದಂತೆ ಒಳಸರಿಯುತ್ತದೆ. ಉಗುರಲ್ಲಿ ಸವರಿದಾಗ ಕವಚದ ಮಟ್ಟಕ್ಕೆ ಬಂದಿದ್ದರೆ ಅಥವಾ ಒಳಗೆ ಹೋಗಿದ್ದರೆ ಜಾಯಿಂಟಿನ ಆಯುಸ್ಸು ಮುಗಿದಂತೆ. ಈ ಗುರುತನ್ನು ಮಾತ್ರ ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ನೋಡಬೇಕು, ಎತ್ತಿ ನೋಡಿದರೆ ಅರ್ಥವಿಲ್ಲ.

ಸದ್ದು ಬಾಲ್ ಜಾಯಿಂಟಿನದೇ ಎಂದು ಹಣ ಹಾಕುವ ಮೊದಲು ಅದರ ನೆರೆಹೊರೆಯನ್ನೂ ನೋಡಿ. ಆಂಟಿ-ರೋಲ್ ಬಾರನ್ನು ಸಸ್ಪೆನ್ಷನ್ನಿಗೆ ಕೂಡಿಸುವ ಸ್ಟೆಬಿಲೈಸರ್ ಲಿಂಕ್ ಸವೆದರೂ ಸಣ್ಣ ಉಬ್ಬುತಗ್ಗುಗಳಲ್ಲಿ ಟಕಟಕ ಎನ್ನುತ್ತದೆ. ಅದರ ತುದಿಯಲ್ಲೂ ಇಂಥದೇ ಪುಟ್ಟ ಗುಂಡು ಇರುತ್ತದೆ. ಲಿಂಕನ್ನು ಕೈಯಲ್ಲಿ ಹಿಡಿದು ಕುಲುಕಿದರೆ ಬಹಳಷ್ಟು ಸಲ ಗೊತ್ತಾಗುತ್ತದೆ. ಸ್ಟ್ರಟ್ ಮೇಲ್ಭಾಗದ ಬೇರಿಂಗ್ ಕೆಟ್ಟಿದ್ದರೆ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ‘ಟಂಯ್’ ಎಂದು ಎಗರುತ್ತದೆ. ಸ್ಪ್ರಿಂಗ್ ಮೇಲೆ ಅಂಗೈ ಇಟ್ಟರೆ ಆ ಎಗರು ಸಿಗುತ್ತದೆ. ಬ್ರೇಕ್ ಹಿಡಿದಾಗ ಮತ್ತು ಬಿಟ್ಟಾಗ ಒಂದೊಂದು ‘ಗಡ್’ ಬಂದರೆ ಆರ್ಮಿನ ಹಿಂದಿನ ಬುಷ್ ನೋಡಿ.

0.9 ಮಿ.ಮೀ. ಕಂಡ ದಿನದಿಂದ ಕಾರು ಹೊರಗೆ ತೆಗೆಯಲಿಲ್ಲ. ಎಷ್ಟು ದಿನ ಓಡಿಸಬಹುದು ಎಂದು ಹಲವರು ಕೇಳುತ್ತಾರೆ. ಮಿತಿ ಮೀರಿದ, ಬೂಟು ಹರಿದ ಜಾಯಿಂಟ್‌ಗೆ ಅಂಥ ದಿನದ ಲೆಕ್ಕ ಇಲ್ಲ. ಅದು ಮುರಿಯುವ ಮೊದಲು ಹೇಳಿಹೋಗುತ್ತದೆ ಎಂಬ ಖಾತ್ರಿಯೂ ಇಲ್ಲ.

ಬಿಡಿಭಾಗಕ್ಕೆ ಆರು ದಿನ ಕಾದೆ. ಅದರಲ್ಲಿ ಮೂರು ದಿನ ತಪ್ಪಿಸಬಹುದಿತ್ತು: ಮೊದಲು ಬಂದದ್ದು ಬಲಗಡೆಯ ಆರ್ಮ್. ಆರ್ಡರ್ ಮಾಡುವಾಗ ಚಾಸಿ ನಂಬರ್ ಕೊಡಿ, ‘ಎಡ’ ಎನ್ನುವುದು ಡ್ರೈವರ್ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತಾಗಿನ ಎಡ ಎಂದು ಸ್ಪಷ್ಟಪಡಿಸಿ. ಜಾಯಿಂಟ್ ಮೂರು ಬಗೆಯಲ್ಲಿ ಕೂತಿರುತ್ತದೆ. ಬೋಲ್ಟ್ ಅಥವಾ ರಿವೆಟ್ ಹಾಕಿದ್ದರೆ ಜಾಯಿಂಟ್ ಮಾತ್ರ ಬದಲಿಸಬಹುದು; ರಿವೆಟ್ ತಲೆ ಕೊರೆದು ತೆಗೆದು, ಅಲ್ಲಿಗೆ ಹೊಸ ಜಾಯಿಂಟ್ ಜೊತೆ ಬರುವ ಬೋಲ್ಟ್‌ಗಳನ್ನೇ ಹಾಕಬೇಕು. ಪ್ರೆಸ್ ಮಾಡಿ ಕೂರಿಸಿದ್ದಾದರೆ ಪ್ರೆಸ್ ಬೇಕು, ಸುತ್ತಿಗೆ ಕೂಡದು. ಆರ್ಮಿನ ಜೊತೆ ಒಂದೇ ತುಂಡಾಗಿದ್ದರೆ ಆರ್ಮನ್ನೇ ಬದಲಿಸಬೇಕು, ನನ್ನದು ಇದೇ. ಖರ್ಚು ಹೆಚ್ಚು ನಿಜ, ಆದರೆ ಎರಡು ಹೊಸ ಬುಷ್ ಅದರಲ್ಲೇ ಬರುತ್ತವೆ, ಬಿಡಿಯಾಗಿ ಬುಷ್ ಕೂರಿಸುವ ಕೂಲಿ ಉಳಿಯುತ್ತದೆ. ಜಾಯಿಂಟಿನ ಕಡ್ಡಿಯನ್ನು ನಕಲ್ಲಿಗೆ ಬಿಗಿಯುವ ಪಿಂಚ್ ಬೋಲ್ಟ್ ಮತ್ತು ನಟ್ಟುಗಳನ್ನೂ ಅದೇ ಆರ್ಡರಿನಲ್ಲಿ ತರಿಸಿ. ಮರೆತರೆ ಮತ್ತೆ ಕಾಯಬೇಕು.

ಬಿಚ್ಚುವಾಗ ಅಡ್ಡಿಯಾದದ್ದು ಆ ಪಿಂಚ್ ಬೋಲ್ಟ್. ನಕಲ್‌ನ ಕಿವಿಯಲ್ಲಿ ಸೀಳಿರುತ್ತದೆ, ಜಾಯಿಂಟಿನ ಕಡ್ಡಿ ಅದರೊಳಗೆ ಹೋಗುತ್ತದೆ, ಬೋಲ್ಟ್ ಅಡ್ಡಲಾಗಿ ಬಿಗಿದು ಹಿಡಿಯುತ್ತದೆ. ಕಡ್ಡಿಯಲ್ಲಿ ಒಂದು ಗೀರುಹಳ್ಳವಿದ್ದು ಬೋಲ್ಟ್ ಅದರೊಳಗೇ ಹಾದುಹೋಗುವುದರಿಂದ, ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ತಂತಿ ಬ್ರಷ್‌ನಿಂದ ಉಜ್ಜಿ, ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತೆಗೆದೆ. ಒಂದೇ ದಿಕ್ಕಿಗೆ ಜೋರು ಮಾಡಿದರೆ ತಲೆ ಮುರಿಯುತ್ತದೆ, ಆಮೇಲೆ ಡ್ರಿಲ್ ಮಾಡಿ ತೆಗೆಯುವ ಪಾಡು. ಕಿವಿಯ ಸೀಳಿಗೆ ಉಳಿ ಕೊಟ್ಟು ಅಗಲಿಸುವಾಗಲೂ ಅತಿ ಮಾಡಬೇಡಿ. ಬಿರುಕು ಬಿಟ್ಟರೆ ನಕಲ್ಲೇ ಹೋಯಿತು.

ಕೆಲವು ಕಾರುಗಳಲ್ಲಿ ಕಡ್ಡಿ ಮೊನೆಯ ಕಡೆಗೆ ಕಿರಿದಾಗುತ್ತ ಹೋಗಿ, ತುದಿಗೆ ಕಾಟರ್ ಪಿನ್ (ನಟ್ಟು ಸಡಿಲವಾಗದಂತೆ ತಡೆಯುವ ಪಿನ್ನು) ಹಾಕಿದ ನಟ್ಟಿರುತ್ತದೆ. ಅದಕ್ಕೆ ಒತ್ತಿ ಬಿಡಿಸುವ ಬಾಲ್ ಜಾಯಿಂಟ್ ಪುಲ್ಲರ್ ಒಳ್ಳೆಯದು. ಕವಲಿನಂಥ ಫೋರ್ಕ್ ಹೊಡೆದರೆ ಬೂಟು ಹರಿಯುತ್ತದೆ, ಹಾಗಾಗಿ ಹಳೆಯ ಜಾಯಿಂಟನ್ನೇ ಮತ್ತೆ ಹಾಕುವುದಿದ್ದರೆ ಅದನ್ನು ಬಳಸಬೇಡಿ. ಮರಳಿ ಬಿಗಿಯುವಾಗ ಟಾರ್ಕ್ ಮುಟ್ಟಿದ ಮೇಲೂ ಪಿನ್ನಿನ ತೂತು ಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿದು ಹೊಂದಿಸಿ, ಹಿಂದಕ್ಕೆ ಸಡಿಲಿಸಬೇಡಿ.

ಆರ್ಮ್ ಕಳಚಿದೊಡನೆ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ಹಗ್ಗದಲ್ಲಿ ಕಟ್ಟಿಹಾಕಿ. ಡ್ರೈವ್ ಶಾಫ್ಟಿನ ಒಳಜಾಯಿಂಟ್ ಕಿತ್ತುಬಂದರೆ ಒಂದು ಕೆಲಸಕ್ಕೆ ಎರಡಾಗುತ್ತದೆ. ಬ್ರೇಕ್ ಹೋಸ್ ಕೂಡ ಎಳೆದುಕೊಳ್ಳಬಾರದು.

ಹೊರಬಂದ ಜಾಯಿಂಟಿನ ಕಡ್ಡಿ ತನ್ನ ಭಾರಕ್ಕೇ ಪಕ್ಕಕ್ಕೆ ವಾಲಿಬಿತ್ತು. ಹೊಸದನ್ನು ಎರಡು ಬೆರಳಲ್ಲಿ ಅಲುಗಿಸಲೂ ಆಗುತ್ತಿರಲಿಲ್ಲ. ಜಾಯಿಂಟ್ ಕೈಯಲ್ಲಿರುವಾಗ ಮಾಡುವ ಈ ಪರೀಕ್ಷೆಗೂ ಕ್ರಮವಿದೆ. ಕೆಲವು ತಯಾರಕರ ಕೈಪಿಡಿ ಹೇಳುವಂತೆ ಕಡ್ಡಿಯನ್ನು ಐದು ಸಲ ಅತ್ತಿತ್ತ ಆಡಿಸಿ, ನಟ್ಟು ಹಾಕಿ, 2ರಿಂದ 4 ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ, ಐದನೆಯ ಸುತ್ತಿನಲ್ಲಿ ಟಾರ್ಕ್ ಓದಬೇಕು. ತೀರಾ ಸಡಿಲವಾದರೂ ದೋಷ, ಕಟಕಟ ಎಂದು ಸಿಕ್ಕಿಹಿಡಿದರೂ ದೋಷ.

ಹೊಸ ಆರ್ಮ್ ಕೂರಿಸುವಾಗ ಅವಸರ ಮಾಡಬಾರದ ಜಾಗ ಒಂದಿದೆ. ಬುಷ್‌ಗಳ ಬೋಲ್ಟನ್ನು ಚಕ್ರ ನೇತಾಡುವಾಗ ಕೊನೆಯ ಬಿಗಿ ಬಿಗಿಯಬೇಡಿ. ಹಾಗೆ ಮಾಡಿದರೆ ಕಾರು ಇಳಿಸಿದಾಗಿನಿಂದ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೈಬಿಗಿ ಮಾಡಿ, ಚಕ್ರ ಹಾಕಿ, ಭಾರವನ್ನು ಚಕ್ರಗಳ ಮೇಲೆ ಬಿಟ್ಟು, ಒಂದೆರಡು ಸಲ ಬಾನೆಟ್ ಕಡೆ ಒತ್ತಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಕೆಳಗೆ ಕೈ ತಲುಪದಿದ್ದರೆ ಚಕ್ರಗಳನ್ನು ಇಳಿಜಾರು ರ‍್ಯಾಂಪ್ ಮೇಲೆ ಹತ್ತಿಸಿ ಬಿಗಿಯಿರಿ. ಪಿಂಚ್ ಬೋಲ್ಟನ್ನು ಮಾತ್ರ ಮೊದಲೇ ಪೂರ್ತಿ ಬಿಗಿಯಬಹುದು.

ಬಲಗಡೆಯದನ್ನು ಬದಲಿಸಲಿಲ್ಲ. ಬೂಟು ಸರಿಯಿತ್ತು, ಮುಳ್ಳು ಜಿಗಿಯಲಿಲ್ಲ. ಜೋಡಿಯಾಗಿ ಬದಲಿಸಿದರೆ ಅಲೈನ್‌ಮೆಂಟಿನ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುವುದು ನಿಜ. ಎರಡೂ ಒಂದೇ ವಯಸ್ಸಿನವಾಗಿದ್ದು ಇನ್ನೊಂದರ ಬೂಟೂ ಬಿರಿಯುತ್ತಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಆರ್ಮ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬಿಡುವಂತಿಲ್ಲ. ಹೊಂದಿಸುವ ಮೊದಲಿನ ಮತ್ತು ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ, ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮುಂದೆ ಟೈರು ಒಂದೇ ಕಡೆ ಸವೆದರೆ ಹೋಲಿಸಲು ಅದೇ ಆಧಾರ. ಸ್ಟ್ರಟ್ ಇರುವ ಬಹಳಷ್ಟು ಕಾರುಗಳಲ್ಲಿ ಹೊಂದಿಸಲು ಬರುವುದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಮಾತ್ರ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಮಿತಿ ಮೀರಿ ಬಂದರೆ ಏನೋ ಬಾಗಿದೆ ಅಥವಾ ಸರಿಯಾಗಿ ಕೂತಿಲ್ಲ ಎಂದರ್ಥ.

ಐದು ದಿನ ಓಡಿಸಿದ ಮೇಲೆ ಮತ್ತೆ ಎರಡೂ ಚಕ್ರ ಎತ್ತಿ, ಬೂಟು ಒರೆಸಿ, ಅದೇ ಜಾಗಕ್ಕೆ ಟಾಮಿ ಕೊಟ್ಟು ನೋಡಿದೆ. ಮಡಿಕೆ ಕದಲಲಿಲ್ಲ. ಎಡ 0, ಬಲ 0 ಎಂದು ದಿನಾಂಕದ ಜೊತೆ ಸರ್ವಿಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಬಲಗಡೆಯದನ್ನು ಮುಂದಿನ ಸರ್ವಿಸ್‌ನಲ್ಲಿ ಇದೇ ಗೇಜಿನಿಂದ ಅಳೆಯುತ್ತೇನೆ.